ತಾಮ್ರದ ಡಬ್ಬಿಯ ಭ್ರಮೆ ಬಿಡೋಣ

ಮಾನ್ಯರೇ,

ಮುಚ್ಚಿದ ತಾಮ್ರದ ಡಬ್ಬಿಯೊಳಗೆ ಮೈಕ್ರೋವೇವ್ ಹಾಯಿಸಿದರೆ ಇಂಧನವಿಲ್ಲದೆಯೇ ಬಾಹ್ಯಾಕಾಶ ನೌಕೆ ಸಾಗುತ್ತದೆ ಎನ್ನುವ ‘ಎಂಡ್ರೈವ್’ ವಿಡಿಯೊಗಳನ್ನು ನನ್ನ ವಿದ್ಯಾರ್ಥಿಗಳು ಈಗಲೂ ನಂಬುತ್ತಾರೆ. ನಿಂತ ಬಸ್ಸಿನೊಳಗೆ ಕೂತು ಎದುರಿನ ಸೀಟು ತಳ್ಳಿದರೆ ಬಸ್ಸು ಹೊರಟೀತೇ? 2016ರಲ್ಲಿ ನಾಸಾ ಪ್ರಯೋಗಾಲಯವೊಂದು ಅತ್ಯಲ್ಪ ನೂಕುಬಲ ಕಂಡಿತೆಂದು ಬರೆದದ್ದು ನಿಜ. ಆದರೆ 2021ರಲ್ಲಿ ಜರ್ಮನಿಯ ಡ್ರೆಸ್ಡೆನ್ ವಿಜ್ಞಾನಿಗಳು ಅಳೆದಾಗ ಸಿಕ್ಕಿದ್ದು ಸೊನ್ನೆ. ಉಪಕರಣ ಬಿಸಿಯಾಗಿ ಹಿಗ್ಗಿದ್ದೇ ಬಲದಂತೆ ತೋರಿತ್ತು.

ನಿಜವಾದ ಅಚ್ಚರಿ ನಮ್ಮಲ್ಲೇ ಇದೆ. ವಿದ್ಯುತ್ ಬಳಸಿ ಅನಿಲದ ಕಣಗಳನ್ನು ಹಿಂದಕ್ಕೆ ಚಿಮ್ಮಿಸಿ ನೌಕೆಯನ್ನು ಮುಂದಕ್ಕೆ ತಳ್ಳುವ ಇಸ್ರೊದ ಎಂಜಿನ್ ‘ಪ್ಲಾಸ್ಮಾ ಥ್ರಸ್ಟರ್’ 1,000 ಗಂಟೆಗಳ ಪರೀಕ್ಷೆ ಮುಗಿಸಿದ್ದು 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದರ ಬಲ 300 ಮಿಲಿನ್ಯೂಟನ್, ಅಂದರೆ ಅಂಗೈ ಮೇಲಿಟ್ಟ 30 ಗ್ರಾಂ ಭಾರದಷ್ಟೇ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಬಿಡದೆ ತಳ್ಳಿದರೆ ಅಷ್ಟೇ ಸಾಕು. ದಯವಿಟ್ಟು ಇದರ ಬಗ್ಗೆ ಚಿತ್ರಸಹಿತ ಲೇಖನ ಪ್ರಕಟಿಸಿ.

– ವಿಜ್ಞಾನ ಶಿಕ್ಷಕಿ, ತಿಪಟೂರು