ವಿದ್ಯಾರ್ಥಿವೇತನ ಪದವಿಯ ತನಕ ಕೈಹಿಡಿಯಲಿ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್‌ನಲ್ಲಿ ತಳ್ಳಿಹಾಕಿದ ಮೇಲೆ ನಡೆದ ಚರ್ಚೆ ಬಹುಪಾಲು ಪ್ರವೇಶದ ಸುತ್ತಲೇ ಸುತ್ತುತ್ತಿದೆ. ವಿಜ್ಞಾನ, ಎಂಜಿನಿಯರಿಂಗ್ ಓದಲು ಸೀಟು ಪಡೆದ ಕಪ್ಪು ವರ್ಣೀಯ ವಿದ್ಯಾರ್ಥಿಯು ಆ ಓದನ್ನು ಪೂರೈಸುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2021ರ ವರದಿಯಂತೆ, ಆ ದೇಶದ ಒಟ್ಟು ಉದ್ಯೋಗಿಗಳಲ್ಲಿ ಕಪ್ಪು ವರ್ಣೀಯರು ಶೇ 11ರಷ್ಟಿದ್ದರೂ ವಿಜ್ಞಾನ ಮತ್ತು ತಂತ್ರಜ್ಞಾನದ ಉದ್ಯೋಗಗಳಲ್ಲಿ ಅವರ ಪಾಲು ಶೇ 9 ಮಾತ್ರ. ಈ ವಿಷಯಗಳಲ್ಲಿ ಸ್ನಾತಕ ಪದವಿ ಪಡೆಯುವವರಲ್ಲಂತೂ ಶೇ 7.

ಈ ಓದಿನ ಸ್ವರೂಪವೇ ಬೇರೆ. ಕಲನಶಾಸ್ತ್ರದ ಒಂದು ಕೋರ್ಸ್ ತಪ್ಪಿದರೆ ಅದನ್ನು ನೆಚ್ಚಿಕೊಂಡ ಭೌತಶಾಸ್ತ್ರ, ಎಂಜಿನಿಯರಿಂಗ್ ಕೋರ್ಸ್‌ಗಳೆಲ್ಲ ಮುಂದಕ್ಕೆ ಹೋಗುತ್ತವೆ. ಖರ್ಚಿಗಾಗಿ ಸಂಜೆ ಕೆಲಸಕ್ಕೆ ಹೋಗುವವರಿಗೆ ಪ್ರಯೋಗಾಲಯದ ಅವಧಿಯೇ ಸಿಗುವುದಿಲ್ಲ. ಆದ್ದರಿಂದ ಮೊದಲ ವರ್ಷಕ್ಕಷ್ಟೇ ಕೊಟ್ಟು ಕೈಬಿಡುವ ಒಂದೆರಡು ಸಾವಿರ ಡಾಲರ್‌ಗಳ ವಿದ್ಯಾರ್ಥಿವೇತನ, ಅದನ್ನು ಎಷ್ಟೇ ಸದುದ್ದೇಶದಿಂದ ಕೊಟ್ಟಿದ್ದರೂ, ವಿದ್ಯಾರ್ಥಿಯನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ. ಬಡ ಕುಟುಂಬದವರಿಗೆ ಫೆಡರಲ್ ಸರ್ಕಾರ ನೀಡುವ ಪೆಲ್ ಅನುದಾನದ ಗರಿಷ್ಠ ಮೊತ್ತವೂ 2024–25ರಲ್ಲಿ ವರ್ಷಕ್ಕೆ 7,395 ಡಾಲರ್ ಮಾತ್ರ ಇತ್ತು. ಉಳಿದದ್ದಕ್ಕೆ ಸಾಲವೇ ಗತಿ.

ಇದಕ್ಕೆ ಉತ್ತರ ಹುಡುಕಿದವರು ಇಲ್ಲದಿಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ ಗಣಿತಜ್ಞ ಫ್ರೀಮನ್ ಹ್ರಬೌಸ್ಕಿ ಅವರು ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಯ ದೇಣಿಗೆಯಿಂದ 1988ರಲ್ಲಿ ಒಂದು ಯೋಜನೆ ಆರಂಭಿಸಿದರು. ಮರುವರ್ಷ ಸೇರಿದ ಮೊದಲ ತಂಡದಲ್ಲಿದ್ದವರು 19 ಕಪ್ಪು ವರ್ಣೀಯ ಯುವಕರು. ಅದರ ಮುಂದಿನ ವರ್ಷದಿಂದ ಯುವತಿಯರಿಗೂ ಅವಕಾಶ ದೊರೆಯಿತು. ಶುಲ್ಕ ಕಟ್ಟುವುದಕ್ಕೇ ಆ ಯೋಜನೆ ನಿಲ್ಲಲಿಲ್ಲ. ತರಗತಿ ಶುರುವಾಗುವ ಮೊದಲೇ ಬೇಸಿಗೆಯಲ್ಲಿ ಗಣಿತ, ವಿಜ್ಞಾನದ ತಯಾರಿ, ಗುಂಪಾಗಿ ಕೂತು ಓದುವ ಕಡ್ಡಾಯ ರೂಢಿ, ಸಂಶೋಧಕರ ಪ್ರಯೋಗಾಲಯದಲ್ಲಿ ಕೆಲಸ, ಸದಾ ವಿಚಾರಿಸಿಕೊಳ್ಳುವ ಮಾರ್ಗದರ್ಶಕರು – ಇವೆಲ್ಲ ಸೇರಿಯೇ ಅದು ವಿದ್ಯಾರ್ಥಿವೇತನ. ಮುಂದೆ ಮೊಡೆರ್ನಾ ಕೋವಿಡ್ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಕಿಜ್‌ಮೇಕಿಯಾ ಕಾರ್ಬೆಟ್ ಕೂಡ ಈ ಯೋಜನೆಯಲ್ಲಿ ಓದಿ 2008ರಲ್ಲಿ ಪದವಿ ಪಡೆದವರು.

ಕಾನೂನಿನ ತೊಡಕು ಈ ಯೋಜನೆಗೂ ಎದುರಾಯಿತು. ಅದೇ ರಾಜ್ಯದ ಕಾಲೇಜ್ ಪಾರ್ಕ್‌ ಶಾಖೆಯಲ್ಲಿ ಕಪ್ಪು ವರ್ಣೀಯರಿಗೆಂದೇ ಮೀಸಲಾಗಿದ್ದ ಬೆಂಜಮಿನ್ ಬ್ಯಾನೆಕರ್ ವಿದ್ಯಾರ್ಥಿವೇತನವನ್ನು ಫೆಡರಲ್ ಮೇಲ್ಮನವಿ ನ್ಯಾಯಾಲಯವು 1994ರಲ್ಲಿ ಅಸಿಂಧುಗೊಳಿಸಿದ ನಂತರ, ಮೇಯರ್‌ಹಾಫ್ ಯೋಜನೆಯೂ 1996ರಲ್ಲಿ ಎಲ್ಲ ಜನಾಂಗದವರಿಗೆ ಬಾಗಿಲು ತೆರೆಯಿತು. ಆದರೆ ವಿಜ್ಞಾನದಲ್ಲಿ ಅಲ್ಪಸಂಖ್ಯಾತರ ಏಳಿಗೆಯೆಂಬ ಗುರಿಯನ್ನು ಅದು ಬಿಟ್ಟುಕೊಡಲಿಲ್ಲ. 2023ರ ತೀರ್ಪಿಗೆ ಹೆದರಿ ಯೋಜನೆಗಳನ್ನೇ ಮುಚ್ಚುವ ವಿಶ್ವವಿದ್ಯಾಲಯಗಳು ಈ ಹಾದಿಯನ್ನು ನೋಡದೆ ಹೋದರೆ ಅದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಅಮೆರಿಕದಲ್ಲಿ ನೆಲೆಸಿ, ತಾವು ಓದಿದ ವಿಶ್ವವಿದ್ಯಾಲಯಗಳಿಗೆ ದೇಣಿಗೆ ಕೊಡುವ ಕನ್ನಡಿಗರೂ ತಮ್ಮ ಪತ್ರಿಕೆಯ ಓದುಗರಾಗಿರುವುದರಿಂದ ಇಷ್ಟನ್ನು ಬರೆದೆ. ಹತ್ತು ಮಂದಿಗೆ ಒಂದು ವರ್ಷದ ಹಣ ಹಂಚುವುದಕ್ಕಿಂತ ಇಬ್ಬರಿಗೆ ನಾಲ್ಕು ವರ್ಷದ ಖರ್ಚು, ಜೊತೆಗೆ ಕೂಲಿ ಕೆಲಸ ಬಿಟ್ಟು ಪ್ರಯೋಗಾಲಯದಲ್ಲಿ ದುಡಿಯಲು ಬೇಸಿಗೆಯ ಭತ್ಯೆಯನ್ನೂ ಒದಗಿಸಬೇಕೆಂದು ಅವರು ತಮ್ಮ ದೇಣಿಗೆಯ ಷರತ್ತಿನಲ್ಲೇ ಬರೆಸಲಿ.

ಇಂತಿ,
ತಮ್ಮ ಪತ್ರಿಕೆಯ ಓದುಗ