ಅಪ್ಪಿಯನ್ನು ಈಗಲೇ ಕಾಲೇಜು ಬಿಡಿಸಬೇಡಿ

ಮ್ಯಾಡಿಸನ್, ವಿಸ್ಕಾನ್ಸಿನ್
ಅಕ್ಟೋಬರ್, ಭಾನುವಾರ

ಆಯಿಗೆ, ಅಪ್ಪಯ್ಯನಿಗೆ ನಮಸ್ಕಾರ. ನಾನು ಕ್ಷೇಮ. ಅಮ್ಮಮ್ಮನ ಮಂಡಿನೋವು ಕಡಿಮೆಯಾಯಿತು ಅಂತ ಕೇಳಿ ಸಮಾಧಾನವಾಯಿತು. ಕೆಳಗಿನಮನೆ ಭಾವ ಶಿರಸಿ ಪೇಟೆಗೆ ಹೋದಾಗ ಕಳಿಸಿದ ನಿನ್ನ ಕಾಗದದ ಫೋಟೋ ನಿನ್ನೆ ಬಂತು. ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಇಂಟರ್ನಲ್ಸ್‌ನಲ್ಲಿ ಗಣಿತದ ಡಿಫರೆನ್ಷಿಯಲ್ ಇಕ್ವೇಶನ್ ಕೈಕೊಟ್ಟಿತು ಅಂತ ತಮ್ಮ ಅಪ್ಪಿ ಕಾರವಾರದ ಹಾಸ್ಟೆಲ್ ಬಿಟ್ಟು ಮನೆಗೆ ಬಂದು ಕೂತಿದ್ದಾನೆ, ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ ಅಂತ ಬರೆದಿದ್ದೀಯ. ಅಪ್ಪಯ್ಯ ಕೂಡ "ಸಾಕು, ಕೊನೆಕೊಯ್ಲಿಗೆ ಜನ ಸಿಗುವುದಿಲ್ಲ, ತೋಟ ನೋಡಿಕೊಂಡಿರಲಿ" ಅಂದರಂತೆ. ತೋಟ ಸಣ್ಣ ಕೆಲಸ ಅಂತ ನಾನು ಯಾವತ್ತೂ ಹೇಳುವುದಿಲ್ಲ ಆಯಿ. ಅಡಿಕೆ ದುಡ್ಡಲ್ಲೇ ಅಲ್ವಾ ನಾನು ಓದಿದ್ದು. ಓದು ಮುಗಿಸಿ ತೋಟಕ್ಕೇ ಬರುತ್ತೇನೆ ಅಂದರೆ ಬರಲಿ, ನನಗೂ ಖುಷಿ. ಆದರೆ ಒಂದು ಟೆಸ್ಟಿಗೆ ಹೆದರಿ ಬರುವುದು ಬೇಡ.

ನಾನು ಇಲ್ಲಿ ಹುಡುಗರಿಗೆ ಹೇಳಿಕೊಡುವುದು ಇದೇ ವಿಷಯ. ಇವರೂ ಅಷ್ಟೇ ಹೆದರುತ್ತಾರೆ. ಪ್ರೊಫೆಸರನ್ನೇ ಹೆಸರು ಹಿಡಿದು ಕರೆಯುತ್ತಾರೆ, ಪರೀಕ್ಷೆಗೆ ಕಾಫಿ ಲೋಟ ತಂದು ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ, ಆದರೂ ಕೈ ನಡುಗುತ್ತದೆ. ಕೆಲವು ಪರೀಕ್ಷೆಗೆ ಒಂದು ಹಾಳೆ ತುಂಬ ಸೂತ್ರ ಬರೆದು ತರಲು ಅನುಮತಿಯೂ ಇರುತ್ತದೆ. ಅಪ್ಪಯ್ಯ ಇದನ್ನು ಕಾಪಿ ಅನ್ನಬಹುದು, ಕಾಪಿ ಅಲ್ಲ. ಯಾವ ಲೆಕ್ಕಕ್ಕೆ ಯಾವ ಸೂತ್ರ ಅಂತ ಹೊಳೆಯದಿದ್ದರೆ ಹಾಳೆ ಇದ್ದೂ ಪ್ರಯೋಜನ ಇಲ್ಲ.

ಅಪ್ಪಿಗೆ ಆಗಿರುವುದೂ ಅದೇ ಅಂತ ನನಗೆ ಅನಿಸುತ್ತದೆ. ಇಲ್ಲಿಂದ ಮುಂದಿನದನ್ನು ಅವನ ಕೈಗೇ ಕೊಡು.

ಅಪ್ಪಿ, ಪುಸ್ತಕದಲ್ಲಿ ಲೀನಿಯರ್ ಪಾಠದ ಕೆಳಗೆ ಲೀನಿಯರ್ ಲೆಕ್ಕಗಳೇ ಇರುತ್ತವೆ. ಅಲ್ಲಿ ಎಲ್ಲ ಬಂದ ಹಾಗೆ ಕಾಣುತ್ತದೆ. ಪರೀಕ್ಷೆಯಲ್ಲಿ ಯಾವುದು ಏನು ಅಂತ ಯಾರೂ ಹೇಳುವುದಿಲ್ಲ. ಅದಕ್ಕೆ ಹಳೆ ಕ್ಯಾಲೆಂಡರ್ ಕತ್ತರಿಸಿ, ಒಂದೊಂದು ಚೀಟಿಯ ಹಿಂದೆ ಒಂದೊಂದು ಲೆಕ್ಕ ಬರೆ. ಸೆಪರೆಬಲ್, ಲೀನಿಯರ್, ಎಕ್ಸಾಕ್ಟ್, ಬರ್ನೌಲಿ ಅನ್ನುವ ಜಾತಿಗಳನ್ನೆಲ್ಲ ಬೆರೆಸಿ ಜೋನಿಬೆಲ್ಲದ ಖಾಲಿ ಡಬ್ಬಿಗೆ ಹಾಕು. ಒಂದು ಚೀಟಿ ಎತ್ತು, ಯಾವ ಜಾತಿಯ ಲೆಕ್ಕ ಅಂತ ಮಾತ್ರ ಹೇಳು. ಬಿಡಿಸುವುದು ಆಮೇಲೆ. ಗುರುತು ಹಿಡಿಯುವುದು ಬಂದರೆ ಅರ್ಧ ಕೆಲಸ ಆದ ಹಾಗೆ.

ನನ್ನ ಹುಡುಗರು ಜಾಸ್ತಿ ಎಡವುವ ಜಾಗ ಇನ್ನೊಂದಿದೆ. ವೈ ಡಬಲ್ ಡ್ಯಾಶ್ ಪ್ಲಸ್ 4ವೈ ಈಕ್ವಲ್ಸ್ ಕಾಸ್ 2ಎಕ್ಸ್ ತಗೋ. ಬಲಗಡೆಯ ಕಾಸ್ 2ಎಕ್ಸ್ ಆಗಲೇ ಸಿ.ಎಫ್.ನಲ್ಲಿ, ಅಂದರೆ ಬಲಗಡೆ ಸೊನ್ನೆ ಇಟ್ಟಾಗ ಬರುವ ಉತ್ತರದಲ್ಲಿ, ಬಂದುಬಿಟ್ಟಿದೆ. ಹಾಗಾಗಿ ಪಿ.ಐ.ಗೆ, ಅಂದರೆ ಬಲಗಡೆಗೆ ಹೊಂದುವ ಉತ್ತರಕ್ಕೆ, ಅದನ್ನೇ ಇಟ್ಟರೆ ಸೊನ್ನೆ ಬರುತ್ತದೆ. ಎಕ್ಸ್‌ನಿಂದ ಗುಣಿಸಬೇಕು. ಪಿ.ಐ. ಅಂದರೆ ಎಕ್ಸ್ ಬೈ 4 ಇಂಟು ಸೈನ್ 2ಎಕ್ಸ್. ನನ್ನ ಮಾತು ನಂಬಬೇಡ, ಎರಡು ಸಲ ಡಿಫರೆನ್ಷಿಯೇಟ್ ಮಾಡಿ ಹಾಕಿ ನೋಡು. ಈ ವಿಷಯದಲ್ಲಿ ಉತ್ತರ ಸರಿಯೋ ತಪ್ಪೋ ಅಂತ ನೀನೇ ತಾಳೆ ನೋಡಬಹುದು. ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಬೇಕಾ? ಮತ್ತೆ, ಎಕ್ಸ್ ಸೊನ್ನೆ ಆದಾಗ ವೈ ಎಷ್ಟು ಅಂತ ಕೊಟ್ಟಿದ್ದರೆ ಪಿ.ಐ. ಸೇರಿಸಿದ ಮೇಲೇ ಹಾಕು, ಮೊದಲೇ ಬೇಡ.

ವಾಕ್ಯದಲ್ಲಿ ಕೊಟ್ಟ ಲೆಕ್ಕ ತಲೆಗೆ ಹೋಗುವುದಿಲ್ಲ ಅಂದೆಯಂತೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಬ್ಯಾರಲ್ ನೆನೆಸಿಕೋ. ಸುಣ್ಣ ಹಾಕುವ ಮೊದಲಿನದ್ದು. 200 ಲೀಟರ್ ನೀರು, ಅದರಲ್ಲಿ ಕರಗಿದ ಮೈಲುತುತ್ತ 2 ಕೆಜಿ. ಮೇಲಿಂದ ನಿಮಿಷಕ್ಕೆ 5 ಲೀಟರ್ ಬರಿ ನೀರು ಬೀಳುತ್ತಿದೆ, ಕೆಳಗಿಂದ 5 ಲೀಟರ್ ಹೊರಗೆ ಹೋಗುತ್ತಿದೆ. ನೀನು ಕೋಲಲ್ಲಿ ಕದಡುತ್ತಲೇ ಇದ್ದೀಯ. ಒಂದು ನಿಮಿಷಕ್ಕೆ ತುತ್ತ ಹೋಗುವ ವೇಗ ಎಷ್ಟು? ಆ ಹೊತ್ತಿಗೆ ಬ್ಯಾರಲ್‌ನಲ್ಲಿ ಇದ್ದದ್ದರ 40ನೇ ಒಂದು ಭಾಗ. ಇಕ್ವೇಶನ್ ಅಂದರೆ ಅಷ್ಟೇ ಮಾರಾಯ. 40 ನಿಮಿಷದಲ್ಲಿ 200 ಲೀಟರ್ ಹರಿದುಹೋಯಿತು, ಆದರೂ ಸುಮಾರು 736 ಗ್ರಾಂ ತುತ್ತ ಒಳಗೇ ಇರುತ್ತದೆ. ಯಾಕೆ ಅಂತ ಬಿಡಿಸಿ ನನಗೆ ಬರೆದು ಕಳಿಸು.

ಇಲ್ಲಿಯ ಎಂಐಟಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಕೋರ್ಸಿಗೆ 18.03 ಅನ್ನುತ್ತಾರೆ, ಅದರ ವಿಡಿಯೋ ಪಾಠಗಳು ಅವರ ವೆಬ್‌ಸೈಟಾದ ಓಪನ್‌ಕೋರ್ಸ್‌ವೇರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆರ್ಥರ್ ಮ್ಯಾಟಕ್ ಅನ್ನುವ ಮೇಷ್ಟ್ರು 2003ರಲ್ಲಿ ಮಾಡಿದ್ದು, ಬರಿ ಬೋರ್ಡು, ಚಾಕ್‌ಪೀಸು. ಬಹಳ ಚೆನ್ನಾಗಿದೆ. ಹಳೆ ಪ್ರಶ್ನೆಪತ್ರಿಕೆಗಳೂ ಉತ್ತರ ಸಮೇತ ಇವೆ. ಪೇಟೆಗೆ ಹೋದಾಗ ಇಳಿಸಿಕೋ. ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ ಬರೆ. ಉತ್ತರ ನೋಡಿಕೊಂಡು ಓದಿದರೆ ಎಲ್ಲ ಗೊತ್ತಿದೆ ಅನಿಸುತ್ತದೆ, ಅದೇ ಮೋಸ. ನಾಡಿದ್ದೇ ಬಸ್ ಹತ್ತು. ದೇವಿಮನೆ ಘಟ್ಟ ಇಳಿದರೆ ಕಾರವಾರ ಏನು ದೂರ?

ಆಯಿ, ನೀನು ಚಿಂತೆ ಮಾಡಬೇಡ. ಏನೂ ಆಗಿಲ್ಲ. ಇಂಟರ್ನಲ್ಸ್ ಇನ್ನೂ ಇವೆ, ಮುಖ್ಯ ಪರೀಕ್ಷೆ ಮುಂದಿದೆ. ಅಪ್ಪಿ ಬುದ್ಧಿವಂತ, ಖಂಡಿತ ಪಾಸಾಗುತ್ತಾನೆ. ಕೊಯ್ಲಿಗೆ ಆಳಿನ ಖರ್ಚು ನಾನು ಕಳಿಸುತ್ತೇನೆ ಅಂತ ಅಪ್ಪಯ್ಯನಿಗೆ ಹೇಳು, ದುಡ್ಡಿಗೆ ಯೋಚನೆ ಬೇಡ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ, ಬೆಚ್ಚಗಿನ ಕೋಟೂ ತಗೊಂಡಿದ್ದೇನೆ. ಅವನಿಗೆ ಒಂದೆಲಗದ ತಂಬುಳಿ ಮಾಡಿ ಹಾಕು. ಬೈಯಬೇಡಿ, ಯಾರೂ. ಅವನು ಭಾನುವಾರ ಹಾಸ್ಟೆಲ್‌ನಿಂದ ನನಗೆ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಕೂತು ಹೇಳಿಕೊಡುತ್ತೇನೆ.

ಕ್ಲಾಸಿಗೆ ಪ್ರಶ್ನೆ ತಯಾರು ಮಾಡುವುದಿದೆ, ನಿಲ್ಲಿಸುತ್ತೇನೆ. ಅಮ್ಮಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಮಗಳು