ನನ್ನನ್ನು ಖಜಾಂಚಿ ಮಾಡಿದವರಿಗೆ

ನಿನ್ನೆಗೆ ನಾನು ಕುಡಿತ ಬಿಟ್ಟು 365 ದಿನ ಆಯಿತು. ಮೊದಲ 28 ದಿನ ರಿಹ್ಯಾಬ್‌ನಲ್ಲಿ, ಅಂದರೆ ಕುಡಿತ ಬಿಡಿಸುವ ಕೇಂದ್ರದಲ್ಲಿ ಕಳೆದವು. ಉಳಿದ ಹನ್ನೊಂದು ತಿಂಗಳು ಅಮೆರಿಕದ ಮೇರಿಲ್ಯಾಂಡ್‌ನ ಒಂದು ಆಕ್ಸ್‌ಫರ್ಡ್ ಹೌಸ್‌ನಲ್ಲಿ. ಕನ್ನಡ ಕೂಟದ ಕೆಲವರು ನಾನು ಬೆಂಗಳೂರಿಗೆ ವಾಪಸ್ ಹೋದೆ ಅಂದುಕೊಂಡಿದ್ದರಂತೆ. ಇಲ್ಲ, ಇಲ್ಲೇ ಇದ್ದೆ. ನಿಮ್ಮ ಮನೆಗಳಿಂದ ಇಪ್ಪತ್ತು ನಿಮಿಷದ ದಾರಿ.

ಮೊದಲ ಥ್ಯಾಂಕ್ಸ್ ನನ್ನ ಹೆಂಡತಿಗೆ. ರಿಹ್ಯಾಬ್ ಮುಗಿದ ದಿನ "ಈಗಲೇ ಮನೆಗೆ ಬರಬೇಡಿ" ಅಂದವಳು ಅವಳು. ಅವತ್ತು ತುಂಬಾ ಸಿಟ್ಟು ಬಂದಿತ್ತು. ಗರಾಜ್‌ನಲ್ಲಿ ಪೇಂಟ್ ಡಬ್ಬಗಳ ಹಿಂದೆ ಒಂದು ಬಾಟಲಿ ಬಚ್ಚಿಟ್ಟಿದ್ದೆ. ಮನೆಗೆ ಹೋಗಿದ್ದರೆ ಮೊದಲು ಅಲ್ಲಿಗೇ ಹೋಗುತ್ತಿದ್ದೆ.

ಆಕ್ಸ್‌ಫರ್ಡ್ ಹೌಸ್ ಆಸ್ಪತ್ರೆ ಅಲ್ಲ. ಡಾಕ್ಟರ್ ಇಲ್ಲ, ವಾರ್ಡನ್ ಇಲ್ಲ. ಕುಡಿತ, ಡ್ರಗ್ಸ್ ಬಿಟ್ಟವರೇ ಸೇರಿ ಬಾಡಿಗೆ ಕಟ್ಟಿಕೊಂಡು ನಡೆಸುವ ಮನೆ. 1975 ರಲ್ಲಿ ಇದೇ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಸರ್ಕಾರಿ ಹಾಫ್‌ವೇ ಹೌಸ್ (ಚಿಕಿತ್ಸೆ ಮುಗಿಸಿದವರು ಮನೆಗೆ ಹೋಗುವ ಮುಂಚೆ ಕೆಲಕಾಲ ಇರುವ ಮನೆ) ಒಂದನ್ನು ದುಡ್ಡಿಲ್ಲ ಅಂತ ಮುಚ್ಚಲು ಹೊರಟಾಗ, ಅಲ್ಲಿದ್ದವರೇ ಆ ಮನೆಯನ್ನು ಬಾಡಿಗೆಗೆ ಹಿಡಿದರು. ಶುರುವಾದದ್ದು ಹಾಗೆ.

ಹೊಸಬರು ಬರಬೇಕಾದರೆ ಇರುವವರಲ್ಲಿ ನೂರಕ್ಕೆ 80 ರಷ್ಟು ಜನ ಒಪ್ಪಬೇಕು. ಅವರು ಒಳಗೆ ವೋಟು ಹಾಕುವಾಗ ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಎಂಟು ಜನರಲ್ಲಿ ಏಳು ಜನ ಹೂಂ ಅಂದರು. ಬೇಡ ಅಂದವನು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಟ್ಟಿಲ್ಲ. ಅವನಿಗೂ ಥ್ಯಾಂಕ್ಸ್. ಅವತ್ತಿನ ನನ್ನ ಮುಖ ನೋಡಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ಮೊದಲ ದಿನವೇ ನನ್ನ ಬ್ಯಾಗ್‌ನಲ್ಲಿದ್ದ ಮೌತ್‌ವಾಶ್ ಸಿಂಕಿಗೆ ಸುರಿಸಿದರು. ಅದರಲ್ಲೂ ಆಲ್ಕೋಹಾಲ್ ಇರುತ್ತೆ ಅಲ್ವಾ.

ರೂಮ್‌ಮೇಟ್ ಟ್ರಕ್ ಡ್ರೈವರ್. ರಾತ್ರಿ ಎರಡಕ್ಕೆ ನಿದ್ದೆ ಬಾರದೆ ನಾನು ಎದ್ದು ಕೂತರೆ ಅವನೂ ಎದ್ದು ಸುಮ್ನೆ ಕೂರುತ್ತಿದ್ದ. ಉಪದೇಶ ಗಿಪದೇಶ ಏನೂ ಇಲ್ಲ. ನನ್ನ ಒಗ್ಗರಣೆಗೆ ಸ್ಮೋಕ್ ಅಲಾರಂ ಮೂರು ಸಲ ಕೂಗಿದೆ. ಮೂರು ಸಲವೂ ಸ್ಟೂಲ್ ಹತ್ತಿ ಅದರ ಬಾಯಿ ಮುಚ್ಚಿಸಿದವನು ಅವನೇ.

ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲ. ಮತ್ತೆ ಕುಡಿದರೆ ಹೊರಗೆ. ಜನವರಿಯ ಒಂದು ರಾತ್ರಿ ನಮ್ಮಲ್ಲೊಬ್ಬ ಕುಡಿದು ಬಂದ. ಮೀಟಿಂಗ್ ಕೂತೆವು, ಕೈ ಎತ್ತಿದೆವು. ಅವನ ಬಟ್ಟೆ ತುಂಬಿದ ಕಪ್ಪು ಕಸದ ಚೀಲವನ್ನು ಕಾರಿನ ತನಕ ಹೊತ್ತವನು ನಾನು. ನಿಯಮ ಸರಿಯೇ. ಅವತ್ತು ರಾತ್ರಿ ಹಾಗನ್ನಿಸಲಿಲ್ಲ.

ಐದು ತಿಂಗಳಾದಾಗ ನನ್ನನ್ನು ಖಜಾಂಚಿ ಮಾಡಿದರು. ನನ್ನ ಕೈಗೆ ಸಿಗಬಾರದು ಅಂತ ಹೆಂಡತಿ ಡೆಬಿಟ್ ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದ ಕಾಲವೊಂದಿತ್ತು. ಇಲ್ಲಿ ಒಂಬತ್ತು ಜನರ ವಾರದ ಪಾಲು, ಕರೆಂಟ್ ಬಿಲ್ಲು, ಚೆಕ್ ಬುಕ್ ಎಲ್ಲ ನನ್ನ ಮುಂದೆ. ಮೊದಲ ಚೆಕ್ ಬರೆಯುವಾಗ ಕೈ ನಡುಗಿತು. ಚೆಕ್‌ಗೆ ಇನ್ನೊಬ್ಬರ ಸಹಿಯೂ ಬೇಕು ಅನ್ನೋದೇ ಸಮಾಧಾನ.

ಅಮ್ಮ, ನೀನು ಕಂಪನಿ ಗೆಸ್ಟ್ ಹೌಸ್ ಅಂತ ನಂಬಿದ್ದೆಯಲ್ಲ, ಅದು ಈ ಮನೆ. ಹಾಸನದಲ್ಲಿ ಅಣ್ಣ ಇದನ್ನು ನಿನಗೆ ಓದಿ ಹೇಳುತ್ತಾನೆ. ಸುಳ್ಳು ಹೇಳಿದ್ದಕ್ಕೆ ಬೈಯಬೇಕಾದರೆ ಫೋನ್ ಮಾಡು, ಎತ್ತುತ್ತೇನೆ.

ಖಜಾಂಚಿಯ ಅವಧಿ ಆರು ತಿಂಗಳು. ಈ ಭಾನುವಾರ ಮುಗಿಯುತ್ತದೆ, ಲೆಕ್ಕ ಒಪ್ಪಿಸಬೇಕು. ಹನ್ನೆರಡು ಡಾಲರ್ ತಾಳೆಯಾಗುತ್ತಿಲ್ಲ. "ನಾನೇ ಹಾಕ್ತೀನಿ ಬಿಡು" ಅಂದ ರೂಮ್‌ಮೇಟ್. ಬೇಡ ಅಂದೆ. ರಸೀದಿಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ.